ಮೆಚ್ಚಿದ ಕೃತಿಯ ಜಾಡು ಹಿಡಿದು

ಕಲಾ ಪ್ರದರ್ಶನಗಳನ್ನು ರೂಪಿಸುವ ಕ್ಯುರೇಟರ್ ಆಗಿ ಕೆಲಸ ಮಾಡುವ ನನಗೆ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಯೆಂದರೆ, ಸಮಕಾಲೀನ ಕಲಾವಿದರಲ್ಲಿ ಯಾರನ್ನು ನೋಡಬೇಕು, ಯಾವ ಪ್ರದರ್ಶನಕ್ಕೆ ಹೋಗಬೇಕು ಎಂಬುದು. ಕೇಳುವವರು ಸಾಮಾನ್ಯವಾಗಿ ಹೆಸರುಗಳ ಪಟ್ಟಿಯೊಂದನ್ನು ನಿರೀಕ್ಷಿಸುತ್ತಾರೆ. ಅಂಥ ಪಟ್ಟಿಗಳಲ್ಲಿ ಪ್ರಶಸ್ತಿ, ಹರಾಜಿನ ಬೆಲೆ ಮತ್ತು ಪ್ರಚಾರದ ಬಲದಿಂದ ಮೇಲೆ ಬಂದ ಹೆಸರುಗಳೇ ತುಂಬಿರುತ್ತವೆಯಾದ್ದರಿಂದ ನಾನು ಪಟ್ಟಿ ಕೊಡುವುದಿಲ್ಲ. ನಿಮ್ಮನ್ನು ತಡೆದು ನಿಲ್ಲಿಸಿದ ಒಂದೇ ಒಂದು ಕೃತಿಯಿಂದ ಹೊರಟು, ಅದನ್ನು ಆಯ್ದವರು ಯಾರು, ಅದು ಇನ್ನೆಲ್ಲಿ, ಯಾರ ಕೃತಿಗಳ ಜೊತೆ ಪ್ರದರ್ಶನಗೊಂಡಿದೆ ಎಂದು ಹುಡುಕುತ್ತ ಹೋಗುವುದೇ ಹೆಚ್ಚು ಫಲ ಕೊಡುವ ಹಾದಿ ಎಂಬುದು ನನ್ನ ನಂಬಿಕೆ.

ಮೊದಲ ಸುಳಿವು ಸಿಗುವುದು ಕೃತಿಯ ಪಕ್ಕದ ಚಿಕ್ಕ ಲೇಬಲ್‌ನಲ್ಲಿ. ಬಹುತೇಕರು ಹೆಸರು, ಶೀರ್ಷಿಕೆ ಓದಿ ಮುಂದೆ ಸಾಗುತ್ತಾರೆ. ನಾನು ಕೊನೆಯ ಸಾಲನ್ನು ತಪ್ಪದೆ ಓದುತ್ತೇನೆ. ಕೃತಿ ಎಲ್ಲಿಂದ ಬಂದಿದೆ ಎಂಬುದನ್ನು, ಅಂದರೆ ಅದು ಕಲಾವಿದರದೇ ಸ್ವತ್ತೋ, ಒಂದು ಗ್ಯಾಲರಿಯ ಮೂಲಕ ಬಂದದ್ದೋ, ವಸ್ತುಸಂಗ್ರಹಾಲಯದ ಸಂಗ್ರಹದ್ದೋ, ಈ ಪ್ರದರ್ಶನಕ್ಕೆಂದೇ ಮಾಡಿಸಿದ್ದೋ ಎಂಬುದನ್ನು ಅದು ಹೇಳುತ್ತದೆ. ಗ್ಯಾಲರಿಯ ಹೆಸರಿದ್ದರೆ ಆ ಗ್ಯಾಲರಿ ಪ್ರತಿನಿಧಿಸುವ ಇತರ ಕಲಾವಿದರನ್ನು ನೋಡಬಹುದು. ಸಂಗ್ರಹಾಲಯದ ಹೆಸರಿದ್ದರೆ ಅದೇ ಕಾಲದಲ್ಲಿ ಅದು ಕೊಂಡ ಬೇರೆ ಕೃತಿಗಳನ್ನು ಹುಡುಕಬಹುದು. ವರ್ಷ ಮತ್ತು ಮಾಧ್ಯಮವನ್ನು, ಅಂದರೆ ಬಳಸಿದ ಸಾಮಗ್ರಿಯನ್ನು, ಸೂಚಿಸುವ ಸಾಲುಗಳೂ ಅಷ್ಟೇ ಮುಖ್ಯ.

ಇದು ಹೇಗೆ ನಡೆಯುತ್ತದೆ ಎಂಬುದನ್ನು ಬೆಂಗಳೂರಿನ ಕಲಾವಿದೆ ಶೀಲಾ ಗೌಡ ಅವರ 'ಬಿಹೋಲ್ಡ್' ಎಂಬ 2009ರ ಕೃತಿಯಿಂದ ನೋಡೋಣ. ಲಂಡನ್ನಿನ ಟೇಟ್ ಕಲಾಸಂಗ್ರಹಾಲಯದಲ್ಲಿರುವ ಇದರ ಸಾಮಗ್ರಿ ಎರಡೇ: ಮನುಷ್ಯರ ಕೂದಲಿನಿಂದ ಹೊಸೆದ ಹಗ್ಗ ಮತ್ತು ಕಾರಿನ ಬಂಪರುಗಳು. ಕೆಡುಕು ತಾಗದಿರಲೆಂದು ವಾಹನಗಳಿಗೆ ಕಟ್ಟುವ ಕೂದಲ ಹಗ್ಗವೇ ಇಲ್ಲಿ ಸಾವಿರಾರು ಮೀಟರುಗಳಷ್ಟು ಬೆಳೆದು, ಗೋಡೆಯಿಂದ ಜೋತು, ನೆಲದಲ್ಲಿ ರಾಶಿಬಿದ್ದು, ಹೊಳೆಯುವ ಲೋಹದ ಭಾರವನ್ನು ಎತ್ತಿ ಹಿಡಿದಂತೆ ಕಾಣುತ್ತದೆ. ದೂರದಿಂದ ಕಪ್ಪು ಗೆರೆಗಳ ರೇಖಾಚಿತ್ರದಂತಿರುವುದು ಹತ್ತಿರ ಹೋದಾಗ ಯಾರದೋ ತಲೆಯ ಕೂದಲು ಎಂದು ತಿಳಿಯುತ್ತದೆ, ಮತ್ತು ಆ ಅರಿವು ದೇಹಕ್ಕೇ ತಟ್ಟುತ್ತದೆ. ಈ ಕೃತಿ ಡೇನಿಯಲ್ ಬರ್ನ್‌ಬಾಮ್ ನಿರ್ದೇಶಿಸಿದ 2009ರ ವೆನಿಸ್ ಬಿನಾಲೆಯಲ್ಲಿ (ಎರಡು ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಕಲಾ ಪ್ರದರ್ಶನಕ್ಕೆ ಬಿನಾಲೆ ಎನ್ನುತ್ತಾರೆ) ಪ್ರದರ್ಶನಗೊಂಡಿತ್ತು. ಅದಕ್ಕೂ ಮೊದಲು, 2007ರಲ್ಲಿ, ಜರ್ಮನಿಯ ಕಾಸೆಲ್ ನಗರದಲ್ಲಿ ನಡೆಯುವ ಬೃಹತ್ ಕಲಾ ಪ್ರದರ್ಶನವಾದ ಡಾಕ್ಯುಮೆಂಟಾದ 12ನೆಯ ಆವೃತ್ತಿಯಲ್ಲಿ ಶೀಲಾ ಗೌಡ ಭಾಗವಹಿಸಿದ್ದರು. ರೋಜರ್ ಬುರ್ಗೆಲ್ ಮತ್ತು ರೂತ್ ನೋವಾಕ್ ರೂಪಿಸಿದ ಆ ಡಾಕ್ಯುಮೆಂಟಾದ ಕಲಾವಿದರ ಪಟ್ಟಿಯನ್ನು ತೆರೆದರೆ ಅಲ್ಲಿ ನಸ್ರೀನ್ ಮೊಹಮದಿ (1937–1990) ಸಿಗುತ್ತಾರೆ. ಪೆನ್ಸಿಲ್ ಮತ್ತು ಶಾಯಿಯ ತೆಳು ಗೆರೆಗಳಲ್ಲೇ ಲೋಕವೊಂದನ್ನು ಕಟ್ಟಿದ ಈ ಕಲಾವಿದೆಯ ಸಮಗ್ರ ಪ್ರದರ್ಶನ, 2016ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನ ಶಾಖೆಯಾಗಿದ್ದ ಮೆಟ್ ಬ್ರೂಯರ್ ಬಾಗಿಲು ತೆರೆದಾಗಿನ ಆರಂಭದ ಪ್ರದರ್ಶನಗಳಲ್ಲಿ ಒಂದಾಗಿತ್ತು. ಕೂದಲಿನ ಗೆರೆಯಿಂದ ಶಾಯಿಯ ಗೆರೆಗೆ ಬಂದು ಸೇರಿದ ನೋಡುಗ, ಯಾವ ಪಟ್ಟಿಯೂ ಜೋಡಿಸಿ ಹೇಳದ ಸಂಬಂಧವೊಂದನ್ನು ತಾನೇ ಕಂಡುಕೊಂಡಿರುತ್ತಾನೆ.

ಹೀಗಾಗಿ ಕಲಾವಿದರ ಹೆಸರಿನಷ್ಟೇ ಎಚ್ಚರದಿಂದ ಕ್ಯುರೇಟರ್‌ಗಳ ಹೆಸರನ್ನೂ ಬರೆದಿಟ್ಟುಕೊಳ್ಳಬೇಕು. ಓಕ್ವಿ ಎನ್ವೇಝೋರ್ 2002ರ ಡಾಕ್ಯುಮೆಂಟಾವನ್ನೂ 2015ರ ವೆನಿಸ್ ಬಿನಾಲೆಯನ್ನೂ ರೂಪಿಸಿದವರು. ಆ ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ ಯುರೋಪು-ಅಮೆರಿಕಗಳ ಆಚೆಗಿನ ಎಷ್ಟೋ ಕಲಾವಿದರ ಪರಿಚಯ ಒಮ್ಮೆಗೇ ಆಗುತ್ತದೆ. ವೆನಿಸ್ (1895ರಿಂದ), ಬ್ರೆಜಿಲಿನ ಸಾವ್ ಪಾವ್ಲೊ (1951ರಿಂದ), ಕೊಚ್ಚಿ-ಮುಜಿರಿಸ್ (2012ರಿಂದ) ಬಿನಾಲೆಗಳು, ಐದು ವರ್ಷಕ್ಕೊಮ್ಮೆ ನೂರು ದಿನ ನಡೆಯುವ ಡಾಕ್ಯುಮೆಂಟಾ ಇಂಥ ಹುಡುಕಾಟಕ್ಕೆ ದೊಡ್ಡ ಭಂಡಾರಗಳು. ಅಲ್ಲಿಗೆ ಹೋಗಲಾಗದಿದ್ದರೂ ಕಲಾವಿದರ ಪಟ್ಟಿ ಮತ್ತು ಕ್ಯಾಟಲಾಗುಗಳು ಉಳಿದಿರುತ್ತವೆ. ಹೋದವರು ಮಾತ್ರ ಎಲ್ಲವನ್ನೂ ನೋಡಿ ಮುಗಿಸುವ ಹಟವನ್ನು ಬಿಡಬೇಕು. ಒಂದು ಸುತ್ತು ಬೇಗನೆ ನಡೆದು, ಮನಸ್ಸು ಹಿಂದಕ್ಕೆಳೆದ ಕೆಲವೇ ಕೃತಿಗಳ ಬಳಿಗೆ ಮರಳಿ ಹೋಗಿ ನಿಲ್ಲುವುದು ಲೇಸು.

ಪ್ರದರ್ಶನ ನೋಡಲು ಯೋಗ್ಯವೇ ಎಂಬುದನ್ನು ಹೋಗುವ ಮುನ್ನವೇ ಸ್ವಲ್ಪಮಟ್ಟಿಗೆ ಅಳೆಯಬಹುದು. ಕ್ಯುರೇಟರ್ ಟಿಪ್ಪಣಿಯನ್ನು ಓದಿ ನೋಡಿ: ಅದರಲ್ಲಿ ನಿರ್ದಿಷ್ಟ ಕೃತಿಗಳ ಹೆಸರು, ಸಾಮಗ್ರಿ, ಅವು ಒಂದೇ ಕೋಣೆಯಲ್ಲಿ ಏಕಿವೆ ಎಂಬುದಕ್ಕೆ ಕಾರಣ ಇದ್ದರೆ ಯಾರೋ ಕೃತಿಗಳ ಮುಂದೆ ನಿಂತು ಯೋಚಿಸಿದ್ದಾರೆ ಎಂದರ್ಥ. ನೆನಪು, ಅಸ್ಮಿತೆ, ದೇಹ, ಸ್ಥಳ ಎಂಬ ದೊಡ್ಡ ಪದಗಳಷ್ಟೇ ಇದ್ದು, ಆ ಬರಹವನ್ನು ಬೇರಾವ ಪ್ರದರ್ಶನಕ್ಕಾದರೂ ಅಂಟಿಸಬಹುದೆನಿಸಿದರೆ ನಾನು ಹಿಂಜರಿಯುತ್ತೇನೆ. ವಿಡಿಯೊ ಕೃತಿಗಳಿದ್ದರೆ ಅವುಗಳ ಅವಧಿಯನ್ನು ಮೊದಲೇ ತಿಳಿದುಕೊಂಡು ಸಮಯ ಮೀಸಲಿಡುವುದು ಅಗತ್ಯ. 2011ರಲ್ಲಿ ವೆನಿಸ್‌ನ ಚಿನ್ನದ ಸಿಂಹ ಪ್ರಶಸ್ತಿ ಪಡೆದ ಕ್ರಿಶ್ಚಿಯನ್ ಮಾರ್ಕ್ಲೇ ಅವರ 'ದಿ ಕ್ಲಾಕ್' 24 ಗಂಟೆಗಳದ್ದು, ಅದರಲ್ಲಿ ಕಾಣುವ ಗಡಿಯಾರಗಳು ನೋಡುಗ ಇರುವ ಹೊತ್ತನ್ನೇ ತೋರಿಸುತ್ತವೆ. ಅದನ್ನು ಬೆಳಿಗ್ಗೆ ನೋಡುವುದೂ ಸಂಜೆ ನೋಡುವುದೂ ಬೇರೆ ಬೇರೆ ಅನುಭವಗಳು.

ಪರದೆಯ ಮೇಲಿನ ಚಿತ್ರಗಳನ್ನು ದಾರಿ ತೋರಿಸಲು ಬಳಸಿಕೊಳ್ಳೋಣ, ತೀರ್ಮಾನಕ್ಕೆ ಬೇಡ. ನೈಜೀರಿಯಾದಲ್ಲಿ ದಶಕಗಳ ಕಾಲ ಕೆಲಸ ಮಾಡಿದ, ಘಾನಾ ಮೂಲದ ಎಲ್ ಅನಟ್ಸುಯಿ ಅವರು ಬಾಟಲಿಗಳ ಅಲ್ಯೂಮಿನಿಯಂ ಮುಚ್ಚಳಗಳನ್ನು ಚಪ್ಪಟೆ ಮಾಡಿ, ತಾಮ್ರದ ತಂತಿಯಿಂದ ಹೆಣೆದು ಗೋಡೆಯಗಲದ ಕೃತಿಗಳನ್ನು ಮಾಡುತ್ತಾರೆ. ಫೋಟೊದಲ್ಲಿ ಅದು ಜರಿಯ ವಸ್ತ್ರವಷ್ಟೇ. ಎದುರು ನಿಂತಾಗಲೇ ತಂತಿಯ ಒಂದೊಂದು ಗಂಟು, ಮುಚ್ಚಳದ ಮೇಲಿನ ಮದ್ಯದ ಬ್ರ್ಯಾಂಡಿನ ಅಕ್ಷರ, ಮಡಿಕೆಗಳ ಹಿಂದಿನ ನೆರಳು ಕಾಣುವುದು. ಮಡಿಕೆಗಳನ್ನು ಹೇಗೆ ಇಳಿಬಿಡಬೇಕೆಂಬ ಸ್ವಾತಂತ್ರ್ಯವನ್ನು ಅವರು ಕೃತಿಯನ್ನು ತೂಗುಹಾಕುವವರಿಗೆ ಬಿಟ್ಟಿರುವುದರಿಂದ, ಒಂದೆಡೆ ನೋಡಿದ ಕೃತಿಯೇ ಇನ್ನೊಂದೆಡೆ ಬೇರೆ ಆಕಾರದಲ್ಲಿ ಎದುರಾಗುತ್ತದೆ.

ದೊಡ್ಡ ಸಂಸ್ಥೆಗಳ ಹೊರಗೆ, ಕಲಾಶಾಲೆಗಳ ವಾರ್ಷಿಕ ಪ್ರದರ್ಶನಗಳಿಗೂ ಕಲಾವಿದರೇ ನಡೆಸುವ ಸಣ್ಣ ಜಾಗಗಳಿಗೂ ಹೋಗುವ ರೂಢಿ ಬೇಕು. 1988ರಲ್ಲಿ ಲಂಡನ್ನಿನ ಬಂದರು ಪ್ರದೇಶದ ಖಾಲಿ ಕಟ್ಟಡದಲ್ಲಿ ನಡೆದ 'ಫ್ರೀಜ್' ಪ್ರದರ್ಶನವನ್ನು ಏರ್ಪಡಿಸಿದ್ದವರು ಮುಂದೆ ಜಗತ್ಪ್ರಸಿದ್ಧರಾದ, ಆಗಿನ್ನೂ ವಿದ್ಯಾರ್ಥಿಯಾಗಿದ್ದ ಡೇಮಿಯನ್ ಹರ್ಸ್ಟ್ ಮತ್ತು ಗೋಲ್ಡ್‌ಸ್ಮಿತ್ಸ್ ಕಾಲೇಜಿನ ಅವರ ಸಂಗಾತಿಗಳು. ಇಂಥ ಕಡೆ ಅಪಕ್ವ ಕೃತಿಗಳೂ ಹೇರಳವಾಗಿರುತ್ತವೆ. ಆದರೆ ಯಾರ ಶಿಫಾರಸೂ ಇಲ್ಲದೆ ನಿಮ್ಮ ಕಣ್ಣನ್ನೇ ನಂಬಬೇಕಾದ ಸ್ಥಿತಿ ಇಲ್ಲಿನದು, ಮತ್ತು ಆ ಅಭ್ಯಾಸಕ್ಕೆ ಬೇರೆ ದಾರಿಯಿಲ್ಲ.

ಹೊಸ ಕಲಾವಿದರೆಂದರೆ ಎಳೆಯರೇ ಎಂದು ಭಾವಿಸಬೇಕಾಗಿಲ್ಲ. 1915ರಲ್ಲಿ ಹವಾನಾದಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ನೆಲೆಸಿದ್ದ ಕಾರ್ಮೆನ್ ಹೆರೆರಾ ದಶಕಗಳ ಕಾಲ ನೇರ ಅಂಚಿನ, ಎರಡೇ ಬಣ್ಣಗಳ ಚಿತ್ರಗಳನ್ನು ಬಿಡದೆ ರಚಿಸುತ್ತಿದ್ದರೂ ಅವರ ಮೊದಲ ಚಿತ್ರ ಮಾರಾಟವಾದದ್ದು 2004ರಲ್ಲಿ, ಅವರ 89ನೆಯ ವಯಸ್ಸಿನಲ್ಲಿ. ಜ್ಯಾಮಿತೀಯ ಚಿತ್ರ ಬರೆಯುವ ಮಹಿಳೆಯರ ಪ್ರದರ್ಶನವೊಂದನ್ನು ಸಿದ್ಧಪಡಿಸುತ್ತಿದ್ದ ಗ್ಯಾಲರಿಯವರಿಗೆ ಅವರ ಹೆಸರು ಹೇಳಿದವರು ಅವರ ಗೆಳೆಯ, ಸ್ವತಃ ಚಿತ್ರಕಲಾವಿದರಾದ ಟೋನಿ ಬೆಚಾರಾ. 2016ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಅವರ ದೊಡ್ಡ ಪ್ರದರ್ಶನವನ್ನು ಏರ್ಪಡಿಸಿತು. ಯಾರು ಒಳ್ಳೆಯ ಕೆಲಸ ಮಾಡುತ್ತಿದ್ದಾರೆಂಬುದು ಸಂಸ್ಥೆಗಳಿಗಿಂತ ಎಷ್ಟೋ ಮೊದಲು ಸಹ ಕಲಾವಿದರಿಗೆ ತಿಳಿದಿರುತ್ತದೆ. ಆದ್ದರಿಂದ ಪ್ರದರ್ಶನದ ಉದ್ಘಾಟನೆಯಲ್ಲೋ ಸಂವಾದದಲ್ಲೋ ಕಲಾವಿದರು ಎದುರು ಸಿಕ್ಕಾಗ ಅವರ ಕೃತಿಯ ಅರ್ಥವನ್ನು ಕೇಳುವುದಕ್ಕಿಂತ, ಅವರು ಈಗ ಯಾರ ಕೆಲಸವನ್ನು ಆಸಕ್ತಿಯಿಂದ ಗಮನಿಸುತ್ತಿದ್ದಾರೆ ಎಂದು ಕೇಳಿ, ಆ ಹೆಸರುಗಳನ್ನು ಅಲ್ಲೇ ಬರೆದುಕೊಳ್ಳಿ.