ಪದ ಪರಿಚಯ: ಮೀಟಪ್

ಕಲಬುರಗಿಯಲ್ಲಿ ಕಾರ್ಯಕ್ರಮವೆಂದರೆ ಆಮಂತ್ರಣ ಪತ್ರಿಕೆ, ಉದ್ಘಾಟಕರು, ಅಧ್ಯಕ್ಷರು, ಶಾಲು, ಹಾರ, ನೆನಪಿನ ಕಾಣಿಕೆ, ಕೊನೆಗೆ ವಂದನಾರ್ಪಣೆ. ಮೀಟಪ್ ಎಂಬ ಪದದ ಅರ್ಥವನ್ನು ಹಿಡಿಯಲು ಮೊದಲು ಇವಿಷ್ಟನ್ನೂ ಕಳೆದು ನೋಡಬೇಕು. ಸಾಫ್ಟ್‌ವೇರ್ ಬರೆಯುವವರು, ಸ್ಟಾರ್ಟಪ್ ಕಟ್ಟಿದವರು ಅಥವಾ ಕಟ್ಟಲು ಹೊರಟವರು ಒಂದು ಸಂಜೆಯೋ ರವಿವಾರವೋ ಒಂದೆಡೆ ಸೇರಿ, ತಾವು ಮಾಡುತ್ತಿರುವುದನ್ನು ಪರಸ್ಪರ ತೋರಿಸಿ, ಎಲ್ಲಿ ಸಿಕ್ಕಿಕೊಂಡಿದ್ದೇವೆಂದು ಸಂಕೋಚವಿಲ್ಲದೆ ಹೇಳಿಕೊಳ್ಳುವ ಕೂಟಕ್ಕೆ ಈ ಹೆಸರು.

2002ರಲ್ಲಿ ನ್ಯೂಯಾರ್ಕ್‌ನಲ್ಲಿ ಇದೇ ಹೆಸರಿನ ಕಂಪನಿ ಆರಂಭವಾದ ಬಳಿಕ ಪದ ಹೆಚ್ಚು ಬಳಕೆಗೆ ಬಂದಿತಾದರೂ ರೂಢಿ ಅದಕ್ಕಿಂತ ಹಳೆಯದು. ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕ್‌ನಲ್ಲಿ 1975ರ ಮಾರ್ಚ್ ತಿಂಗಳಲ್ಲಿ, ಕಂಪ್ಯೂಟರನ್ನು ತಾವೇ ಜೋಡಿಸಿಕೊಳ್ಳುವ ಹವ್ಯಾಸಿಗಳ ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್ ಮೊದಲು ಸೇರಿದ್ದು ಗಾರ್ಡನ್ ಫ್ರೆಂಚ್ ಅವರ ಮನೆಯ ಗ್ಯಾರೇಜಿನಲ್ಲಿ. ಆ್ಯಪಲ್-1 ಕಂಪ್ಯೂಟರಿನ ಸರ್ಕ್ಯೂಟ್ ನಕ್ಷೆಯನ್ನು, ಆ್ಯಪಲ್ ಕಂಪನಿ ಕಟ್ಟಿದವರಲ್ಲೊಬ್ಬರಾದ ಸ್ಟೀವ್ ವೋಜ್ನಿಯಾಕ್ ಈ ಕ್ಲಬ್ಬಿನವರಿಗೆ ಪುಕ್ಕಟೆಯಾಗಿ ಹಂಚಿದ್ದರು. 2005ರಲ್ಲಿ ಪಾಲೋ ಆಲ್ಟೊದಲ್ಲಿ ಶುರುವಾದ ಬಾರ್‌ಕ್ಯಾಂಪ್ ಎಂಬ ಕೂಟ ಇನ್ನೂ ಮುಂದೆ ಹೋಗಿ, ಕಾರ್ಯಸೂಚಿಯನ್ನೇ ಕೈಬಿಟ್ಟು, ಬಂದವರೇ ಅಂದಿನ ವಿಷಯಗಳನ್ನು ಗೋಡೆಗೆ ಬರೆದು ಅಂಟಿಸುವ ಪದ್ಧತಿಯನ್ನು ಅಳವಡಿಸಿಕೊಂಡಿತು.

ಕನ್ನಡದಲ್ಲಿ ಇದಕ್ಕೆ ಸಭೆ ಎಂದರೆ ನಿರ್ಣಯ, ನಡಾವಳಿಗಳು ನೆನಪಾಗುತ್ತವೆ. ಗೋಷ್ಠಿಯಲ್ಲಿ ವೇದಿಕೆಯ ಮೇಲಿನವರು ಬೇರೆ, ಕೆಳಗೆ ಕುಳಿತವರು ಬೇರೆ. ನಮ್ಮ ಭಾಗದ ಬೈಠಕ್ ಸ್ವಲ್ಪ ಹತ್ತಿರ ಬರುತ್ತದೆ, ಆದರೆ ಅಲ್ಲಿ ಕರೆದವರೊಬ್ಬರ ಮಾತೇ ನಡೆಯುವುದುಂಟು. ನನ್ನ ಮಟ್ಟಿಗೆ ಕೂಟವೇ ಸರಿಯಾದ ಪದ.

ಮೀಟಪ್ಪಿನ ಜೊತೆಗೇ ಕೇಳಿಬರುವ ನೆಟ್‌ವರ್ಕಿಂಗ್ ಎಂಬ ಮಾತನ್ನು ವಿಸಿಟಿಂಗ್ ಕಾರ್ಡ್ ಹಂಚುವುದು ಎಂದು ತಿಳಿದವರೇ ಹೆಚ್ಚು. ಅದರ ನಿಜವಾದ ಅರ್ಥ ತಿಳಿಯಲು ಹೀಗೊಂದು ಸಂದರ್ಭವನ್ನು ಊಹಿಸಿಕೊಳ್ಳಬಹುದು. ದಾಲ್ ಮಿಲ್ಲುಗಳ ದಾಸ್ತಾನಿನ ಲೆಕ್ಕಕ್ಕಾಗಿ ಹುಡುಗಿಯೊಬ್ಬಳು ಆ್ಯಪ್ ಬರೆದಿದ್ದಾಳೆ. ಒಳಗೆ ಬಂದ ತೊಗರಿ ಎಷ್ಟು ಕ್ವಿಂಟಲ್, ಹೊರಗೆ ಹೋದ ಬೇಳೆ ಎಷ್ಟು ಎಂಬ ಎರಡು ಕಾಲಂಗಳನ್ನು ಲ್ಯಾಪ್‌ಟಾಪಿನಲ್ಲಿ ತೋರಿಸುತ್ತಾಳೆ. ಗೆಳೆಯನೊಡನೆ ಸುಮ್ಮನೆ ಬಂದಿದ್ದ ಮಿಲ್ಲಿನ ಮುನೀಮರು ಚಹಾದ ಕಪ್ಪು ಕೆಳಗಿಟ್ಟು, "ಹೊಟ್ಟು, ಚುನ್ನಿ ಲೆಕ್ಕ ಎಲ್ಲಿ ಬರಕೋಬೇಕ್ರಿ?" ಎನ್ನುತ್ತಾರೆ. ಒಂದು ಕ್ವಿಂಟಲ್ ತೊಗರಿ ಒಡೆದರೆ ಒಂದು ಕ್ವಿಂಟಲ್ ಬೇಳೆ ಬರುವುದಿಲ್ಲ, ಉಳಿದದ್ದಕ್ಕೂ ದನದ ಮೇವಾಗಿ ಬೆಲೆಯಿದೆ ಎಂಬುದು ತೊಗರಿಯ ಕಣಜವೆನಿಸಿದ ಈ ಊರಿನಲ್ಲಿ ಮಿಲ್ಲಿನವರಿಗೆಲ್ಲ ಗೊತ್ತು. ಗೊತ್ತಿಲ್ಲದಿದ್ದದ್ದು ಆ್ಯಪ್ ಬರೆದವಳಿಗೆ. ಅವರಿಬ್ಬರ ನಡುವೆ ಆ ಸಂಜೆ ಏರ್ಪಟ್ಟ ಪರಿಚಯವೇ ನೆಟ್‌ವರ್ಕಿಂಗ್.

ಆದ್ದರಿಂದಲೇ ಮೀಟಪ್‌ನಲ್ಲಿ ಭಾಷಣ ಹತ್ತು ನಿಮಿಷವಾದರೆ ಚಹಾಕ್ಕೆ ಅರ್ಧ ಗಂಟೆ ಬಿಡುತ್ತಾರೆ. ಹ್ಯಾಕಥಾನ್ ಇದಕ್ಕಿಂತ ಬೇರೆ, ಅಲ್ಲಿ ನಿಗದಿತ ಅವಧಿಯೊಳಗೆ ಏನನ್ನಾದರೂ ಮಾಡಿ ತೋರಿಸಬೇಕು. ಬೆಂಗಳೂರಿನ ಕೂಟಕ್ಕೆ ಹೋಗಬೇಕಾದರೆ ಇಲ್ಲಿಯವರು ಗಂಟೆಗಟ್ಟಲೆ ರೈಲಿನಲ್ಲಿ ಕೂರಬೇಕು. ಊರಲ್ಲೇ ಸೇರಲು ಎಂಟು ಜನ, ಒಂದು ಖಾಲಿ ಕೋಣೆ ಸಾಕು. ಚಹಾದ ದುಡ್ಡನ್ನು ಎಲ್ಲರೂ ಹಂಚಿಕೊಂಡು ಕೊಟ್ಟರೆ ವಂದನಾರ್ಪಣೆಗೂ ಕಾರಣವಿರುವುದಿಲ್ಲ.