ಮೊಟ್ಟೆ ಸಿಕ್ಕರೆ ಸಾಲದು, ಅದು ಕೂತಿದ್ದ ಕಲ್ಲೂ ಬೇಕು

ನನ್ನ ಫೋನಿಗೆ ಆಗಾಗ ಉರುಟು ಕಲ್ಲಿನ ಫೋಟೋಗಳು ಬರುತ್ತವೆ. ಪಕ್ಕದಲ್ಲಿ ಅಳತೆಗೆ ಅಂತ ಒಂದು ಚಪ್ಪಲಿ, ಕೆಳಗೆ ಒಂದು ಪ್ರಶ್ನೆ: 'ಸರ್, ಇದು ಡೈನೋಸಾರ್ ಮೊಟ್ಟೆನಾ?' ಕೋಲಾರ, ತುಮಕೂರು ಕಡೆಯ ಕಲ್ಲಾದರೆ ಉತ್ತರ ಸುಲಭ. ಅಲ್ಲಿನ ಗ್ರಾನೈಟ್, ನೈಸ್ ಬಂಡೆಗಳಿಗೆ ಸುಮಾರು 250 ಕೋಟಿ ವರ್ಷ, ಕೆಲವಕ್ಕೆ ಇನ್ನೂ ಜಾಸ್ತಿ. ಆಗ ಮೊಟ್ಟೆ ಇಡುವ ಪ್ರಾಣಿಯೇ ಇರಲಿಲ್ಲ. ಬೆಳಗಾವಿ, ಬೀದರ್ ಕಡೆಯದಾದರೆ ಅದು ಹೆಚ್ಚಾಗಿ ಬಸಾಲ್ಟ್. ಮಳೆ, ಬಿಸಿಲಿಗೆ ಈರುಳ್ಳಿಯಂತೆ ಪದರ ಪದರವಾಗಿ ಸುಲಿದು ಗುಂಡಗಾಗಿರುತ್ತದೆ, ಅಷ್ಟೆ. ಲಾವಾ ಆರಿ ಆದ ಕಲ್ಲಿನೊಳಗೆ ಮೊಟ್ಟೆ ಹುಡುಕಿ ಪ್ರಯೋಜನವಿಲ್ಲ.

ಹುಡುಕಬೇಕಾದದ್ದು ಆ ಲಾವಾದ ಕೆಳಗೆ. ಜಬಲ್ಪುರದಿಂದ ಗುಜರಾತಿನ ಬಾಲಾಸಿನೋರ್ ತನಕ, ಇತ್ತ ಮಹಾರಾಷ್ಟ್ರದ ಚಂದ್ರಪುರದ ಕಡೆಗೂ, ದಖ್ಖನ್ ಬಸಾಲ್ಟಿನ ಅಡಿಯಿಂದ ಅಲ್ಲಲ್ಲಿ ಇಣುಕುವ ಒಂದು ಶಿಲಾಸ್ತರವಿದೆ. ಹೆಸರು ಲಮೇಟಾ. ಜಬಲ್ಪುರದ ಹತ್ತಿರ ನರ್ಮದೆಯ ದಡದಲ್ಲಿರುವ ಲಮೇಟಾ ಘಾಟ್‌ನಿಂದ ಬಂದದ್ದು. ವಯಸ್ಸು ಹತ್ತಿರ ಹತ್ತಿರ 7 ಕೋಟಿ ವರ್ಷ. ಜಬಲ್ಪುರದಲ್ಲಿ 1828ರಲ್ಲೇ ಸ್ಲೀಮನ್ ಎಂಬ ಬ್ರಿಟಿಷ್ ಅಧಿಕಾರಿಗೆ ದೊಡ್ಡ ಮೂಳೆಗಳು ಸಿಕ್ಕಿದ್ದವು. ಠಕ್ಕರನ್ನು ಹಿಡಿದು ಹೆಸರಾದ ಅದೇ ಸ್ಲೀಮನ್. 1877ರಲ್ಲಿ ಪಳೆಯುಳಿಕೆ ತಜ್ಞ ರಿಚರ್ಡ್ ಲೈಡೆಕರ್ ಜಬಲ್ಪುರದ ಈ ಡೈನೋಸಾರಿಗೆ ಟೈಟನೋಸಾರಸ್ ಇಂಡಿಕಸ್ ಎಂದು ಹೆಸರಿಟ್ಟರು. ಅದರ ಬಾಲದ ಮೂಳೆಯೊಂದು ಬಹುಕಾಲ ಎಲ್ಲಿದೆಯೆಂದೇ ಗೊತ್ತಿರಲಿಲ್ಲ. 2012ರಲ್ಲಿ ಕೋಲ್ಕತ್ತಾದಲ್ಲಿ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಸಂಗ್ರಹದಲ್ಲೇ ಮತ್ತೆ ಸಿಕ್ಕಿತು!

ಲಮೇಟಾ ಕಲ್ಲು ನೋಡಲು ಚೆಂದವೇನಲ್ಲ. ಮರಳು ಬೆರೆತ ಸುಣ್ಣಕಲ್ಲು, ನಡುವೆ ಹಸಿರು, ಕೆಂಪು ಮಚ್ಚೆಯ ಮಣ್ಣು. ಇದು ಸಮುದ್ರದ ದಡವೋ, ಒಣ ಬಯಲೋ ಎಂದು ಭೂವಿಜ್ಞಾನಿಗಳು ಬಹಳ ವರ್ಷ ಜಗಳವಾಡಿದ್ದಾರೆ. ನಾನು ಬಯಲಿನ ಪಕ್ಷ. ಕಾರಣ ಆ ಸುಣ್ಣವೇ. ಮಳೆಗಾಲದಲ್ಲಿ ನೆನೆದ ಮಣ್ಣು ಬೇಸಿಗೆಯಲ್ಲಿ ಒಣಗುವಾಗ ನೀರಿನಲ್ಲಿ ಕರಗಿದ್ದ ಸುಣ್ಣ ಗಂಟು ಕಟ್ಟುತ್ತದೆ. ನಮ್ಮ ಉತ್ತರ ಕರ್ನಾಟಕದ ಎರೆ ಹೊಲದಲ್ಲಿ ಇವತ್ತಿಗೂ ಇದು ನಡೆಯುತ್ತದೆ. ಮೊಟ್ಟೆ ಉಳಿದದ್ದಕ್ಕೂ ಇದೇ ಸುಣ್ಣ ಕಾರಣ. ಮೊಟ್ಟೆಯ ಚಿಪ್ಪು ಸುಣ್ಣದ್ದೇ ಅಲ್ವಾ? ಹುಳಿ ಮಣ್ಣಿನಲ್ಲಿದ್ದರೆ ಕರಗಿಹೋಗುತ್ತಿತ್ತು.

ಉಳಿದದ್ದೂ ಸ್ವಲ್ಪವೇನಲ್ಲ. ಮಧ್ಯಪ್ರದೇಶದ ಧಾರ್ ಜಿಲ್ಲೆಯ ಬಾಘ್, ಕುಕ್ಷಿ ಸುತ್ತಮುತ್ತ ದೆಹಲಿ ವಿಶ್ವವಿದ್ಯಾಲಯದ ತಂಡ 92 ಗೂಡು, 256 ಮೊಟ್ಟೆಗಳನ್ನು ಗುರುತಿಸಿ 2023ರಲ್ಲಿ ಪ್ರಕಟಿಸಿತು. ಎಲ್ಲ ಟೈಟನೋಸಾರ್‌ಗಳದ್ದು, ಅಂದರೆ ಉದ್ದ ಕುತ್ತಿಗೆಯ ಸಸ್ಯಾಹಾರಿಗಳದ್ದು. ಅಷ್ಟು ದೊಡ್ಡ ಪ್ರಾಣಿಯ ಮೊಟ್ಟೆ ಸುಮಾರು 15ರಿಂದ 17 ಸೆಂಟಿಮೀಟರ್ ಅಡ್ಡಗಲ ಮಾತ್ರ. ನನಗೆ ಮೊಟ್ಟೆಗಳ ಲೆಕ್ಕಕ್ಕಿಂತ ಗೂಡುಗಳ ನಡುವಿನ ಜಾಗ ಮುಖ್ಯ ಅನ್ನಿಸುತ್ತದೆ. ಗೂಡುಗಳು ಎಷ್ಟು ಒತ್ತೊತ್ತಾಗಿವೆ ಎಂದರೆ ತಾಯಿ ಅಲ್ಲಿ ಓಡಾಡಿದ್ದರೆ ಪಕ್ಕದ ಮೊಟ್ಟೆಗಳು ಪುಡಿಯಾಗುತ್ತಿದ್ದವು. ಹಾಗಾಗಿ ಗುಂಡಿ ತೋಡಿ, ಮೊಟ್ಟೆ ಇಟ್ಟು, ಮಣ್ಣು ಮುಚ್ಚಿ ಹೊರಟುಬಿಡುತ್ತಿದ್ದವು ಎಂದು ಊಹಿಸಬಹುದು. ಒಂದೊಂದೇ ಮೊಟ್ಟೆಯನ್ನು ಕಿತ್ತು ತಂದು ಕಪಾಟಿನಲ್ಲಿ ಸಾಲಾಗಿ ಇಟ್ಟಿದ್ದರೆ ಈ ಊಹೆಗೆ ದಾರಿಯೇ ಇರುತ್ತಿರಲಿಲ್ಲ.

ಮೊಟ್ಟೆಯ ಜೊತೆ ಕಲ್ಲೂ ಬೇಕು ಅನ್ನುವುದಕ್ಕೆ ಇನ್ನೂ ಗಟ್ಟಿ ಸಾಕ್ಷಿ ಗುಜರಾತಿನ ಢೋಲಿ ಡುಂಗ್ರಿಯ ಕಲ್ಲು. 1980ರ ದಶಕದಲ್ಲಿ ಭೂವಿಜ್ಞಾನಿ ಧನಂಜಯ ಮೊಹಬೆ ಅಲ್ಲಿಂದ ಒಂದು ಗೂಡನ್ನು ಕಲ್ಲಿನ ಸಮೇತ ತೆಗೆದರು. ಮೊಟ್ಟೆಗಳ ಪಕ್ಕ ಸಣ್ಣ ಮೂಳೆಗಳಿದ್ದವು. ಎಲ್ಲವೂ ಮರಿ ಡೈನೋಸಾರಿನದ್ದೇ ಎಂದು ಆಗ ತಿಳಿದರು. 2001ರಲ್ಲಿ ಅಮೆರಿಕದ ಪಳೆಯುಳಿಕೆ ತಜ್ಞ ಜೆಫ್ರಿ ವಿಲ್ಸನ್ ಅದೇ ಕಲ್ಲನ್ನು ನೋಡಿದಾಗ ಕೆಲವು ಬೆನ್ನುಮೂಳೆಗಳು ಹಾವಿನವು ಅನ್ನಿಸಿತು. ಕಲ್ಲನ್ನು ಶುಚಿ ಮಾಡಿ, ಇಬ್ಬರೂ ಸೇರಿ ಸಂಗಡಿಗರೊಂದಿಗೆ 2010ರಲ್ಲಿ ಪ್ರಕಟಿಸಿದರು: ಒಡೆದ ಮೊಟ್ಟೆಯ ಸುತ್ತ ಸುತ್ತಿಕೊಂಡ ಮೂರೂವರೆ ಮೀಟರ್ ಹಾವು, ಪಕ್ಕದಲ್ಲೇ ಅರ್ಧ ಮೀಟರಿನಷ್ಟು ಡೈನೋಸಾರ್ ಮರಿ. ಹಾವಿನ ಹೆಸರು ಸನಾಜೆ ಇಂಡಿಕಸ್. ಇದರ ಬಾಯಿ ಹೆಬ್ಬಾವಿನಷ್ಟು ಅಗಲ ತೆರೆಯುತ್ತಿರಲಿಲ್ಲ, ಇಡೀ ಮೊಟ್ಟೆ ನುಂಗಲು ಆಗುತ್ತಿರಲಿಲ್ಲ. ಮರಿ ಹೊರಬರುವುದನ್ನೇ ಕಾಯುತ್ತಿದ್ದಿರಬೇಕು. ಅಷ್ಟರಲ್ಲಿ ಮೇಲೆ ಕೆಸರು ಬಿತ್ತು. ಹಾವಿಗೆ ಊಟವಿಲ್ಲ, ಮರಿಗೂ ಉಳಿವಿಲ್ಲ. ಯಾರೋ ಮೊಟ್ಟೆ ಬೇಕೆಂದು ಆ ಕಲ್ಲನ್ನು ಒಡೆದಿದ್ದರೆ ಹಾವು ಪುಡಿಯಾಗಿ ಹೋಗುತ್ತಿತ್ತು.

ಧಾರ್‌ನ ಪಾಡ್ಲ್ಯಾ ಹಳ್ಳಿಯ ಬಳಿ ಮೊಟ್ಟೆಯೊಳಗೆ ಮೊಟ್ಟೆ ಸಿಕ್ಕ ಸುದ್ದಿ 2022ರಲ್ಲಿ ಬಂತು. ಕೋಳಿಗಳಲ್ಲಿ ಅಪರೂಪಕ್ಕೆ ಹೀಗಾಗುತ್ತದೆ: ಇಡಬೇಕಾದ ಮೊಟ್ಟೆ ಹಿಂದಕ್ಕೆ ಸರಿದು, ತಯಾರಾಗುತ್ತಿರುವ ಮುಂದಿನ ಮೊಟ್ಟೆಯೊಳಗೆ ಸೇರಿಕೊಳ್ಳುತ್ತದೆ. ಟೈಟನೋಸಾರ್‌ಗಳೂ ಹಕ್ಕಿಗಳಂತೆ ಒಂದಾದ ಮೇಲೊಂದು ಮೊಟ್ಟೆ ಇಡುತ್ತಿದ್ದವೇನೋ ಎಂಬ ವಾದಕ್ಕೆ ಇದು ಆಧಾರವಾಯಿತು. ಒಂದೇ ಮೊಟ್ಟೆಯಿಂದ ಅಷ್ಟು ದೂರ ಹೋಗಲು ನನಗೆ ಸ್ವಲ್ಪ ಹಿಂಜರಿಕೆ. ಚಂದ್ರಪುರ ಜಿಲ್ಲೆಯ ಪಿಸ್ದೂರದಲ್ಲಿ ಸಿಕ್ಕ, ಕಲ್ಲಾದ ಡೈನೋಸಾರ್ ಲದ್ದಿಯ ಮಾತು ಬೇರೆ. ಅದರೊಳಗೆ ಹುಲ್ಲಿನ ಸೂಕ್ಷ್ಮ ಸಿಲಿಕಾ ಕಣಗಳಿದ್ದವು. ಡೈನೋಸಾರ್ ಕಾಲದಲ್ಲಿ ಹುಲ್ಲೇ ಇರಲಿಲ್ಲ ಎಂಬ ನಂಬಿಕೆ 2005ರಲ್ಲಿ ಹಾಗೆ ಬಿತ್ತು. ಮುಂದೆ ಭತ್ತದ ನಂಟಿನ ಹುಲ್ಲೂ ಅದರಲ್ಲಿ ಸಿಕ್ಕಿತು.

ಈಗ ನಿಮ್ಮ ಉರುಟು ಕಲ್ಲಿಗೆ ಬರೋಣ. ಆಕಾರ ನೋಡಬೇಡಿ, ಅಂಚು ನೋಡಿ. ನಿಜವಾದ ಮೊಟ್ಟೆಗೆ ಕೆಲವೇ ಮಿಲಿಮೀಟರ್ ದಪ್ಪದ, ಒಳಗಿನ ಕಲ್ಲಿಗಿಂತ ಬೇರೆಯಾಗಿ ಕಾಣುವ ಒಂದು ಚಿಪ್ಪು ಇರುತ್ತದೆ. ಭೂತಗನ್ನಡಿ ಹಿಡಿದರೆ ಹೊರಮೈಯಲ್ಲಿ ಸಣ್ಣ ಗುಬುಟುಗಳು, ಉಸಿರಾಟದ ರಂಧ್ರಗಳು ಕಾಣಬಹುದು. ಪ್ರಯೋಗಾಲಯದಲ್ಲಿ ಚಿಪ್ಪನ್ನು ತೆಳ್ಳಗೆ ಉಜ್ಜಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಳಗಿನಿಂದ ಹೊರಗೆ ಅಗಲವಾಗುತ್ತಾ ಹೋಗುವ ಕ್ಯಾಲ್ಸೈಟ್ (ಸುಣ್ಣದ ಹರಳು) ಕಂಬಗಳು ಕಾಣುತ್ತವೆ. ಮಳೆ, ಬಿಸಿಲು ಇಂಥದ್ದನ್ನು ಕಟ್ಟಲಾರವು.

ಕರ್ನಾಟಕದಲ್ಲಿ ಆ ಕಾಲದ ಜೀವಿಗಳ ಕುರುಹೇ ಇಲ್ಲ ಅಂದುಕೊಳ್ಳಬೇಡಿ. ಗುರುಮಠಕಲ್ ಸುತ್ತ ಬಸಾಲ್ಟ್ ಪದರಗಳ ನಡುವೆ ಸಿಕ್ಕಿಕೊಂಡ ಕೆರೆಯ ಕೆಸರಿನಲ್ಲಿ ಸಿಹಿನೀರಿನ ಸಣ್ಣ ಜೀವಿಗಳ ಪಳೆಯುಳಿಕೆಗಳಿವೆ. ಅಂಥ ಕಡೆ ಏನಾದರೂ ಕಂಡರೆ ಸುಮ್ನೆ ಸುತ್ತಿಗೆ ಹಾಕಬೇಡಿ. ಅಳತೆಪಟ್ಟಿ ಇಟ್ಟು ಫೋಟೋ ತೆಗೆಯಿರಿ. ಹತ್ತಿರದಿಂದ ಒಂದು, ಇಡೀ ದಿಬ್ಬ ಕಾಣುವಂತೆ ಇನ್ನೊಂದು. ಫೋನಿನಲ್ಲಿ ಲೊಕೇಶನ್ ಗುರುತು ಮಾಡಿ, ಹತ್ತಿರದ ಕಾಲೇಜಿನ ಭೂವಿಜ್ಞಾನ ವಿಭಾಗಕ್ಕೆ ಕಳುಹಿಸಿ. ಕಲ್ಲು ಇದ್ದಲ್ಲೇ ಇರಲಿ.