ಶೆಫ್ ಎಂದರೆ ಅಡುಗೆಯವನಲ್ಲ

ನ್ಯೂಯಾರ್ಕಿನ ದೊಡ್ಡ ಹೋಟೆಲೊಂದರ ಅಡುಗೆಮನೆಯ ಕತೆ ಹೇಳುವ ‘ಲಾ ಕೊಸಿನಾ’ (2024) ಸಿನಿಮಾದ ಬಗ್ಗೆ ನಾನು ಓದಿದ ಇನ್ನೊಂದು ಬರಹದಲ್ಲೂ ನಾಯಕ ಪೆಡ್ರೋ ‘ಮೆಕ್ಸಿಕೋದಿಂದ ವಲಸೆ ಬಂದ ಶೆಫ್’ ಆಗಿದ್ದಾನೆ. ಪೆಡ್ರೋ ಶೆಫ್ ಅಲ್ಲ, ಕುಕ್. ಆ ಅಡುಗೆಮನೆಗೆ ಶೆಫ್ ಬೇರೆಯೇ ಇದ್ದಾನೆ. ಪೆಡ್ರೋನ ಮೇಲೆ ಕೂಗಾಡುವುದು ಆತನ ಕೆಲಸಗಳಲ್ಲೊಂದು. ಪಾತ್ರದ ಹೆಸರೇ ‘ಶೆಫ್’ ಎಂದಿರುವಾಗಲೂ ಈ ಎಡವಟ್ಟು ಹೇಗಾಗುತ್ತದೋ ತಿಳಿಯದು.

ಶೆಫ್ ಫ್ರೆಂಚ್ ಪದ. ಅದರ ಹಿಂದಿರುವುದು ತಲೆ ಎಂಬರ್ಥದ ಲ್ಯಾಟಿನ್ನಿನ ‘ಕಾಪುಟ್’. ಕ್ಯಾಪ್ಟನ್, ಕ್ಯಾಪಿಟಲ್ ಎಲ್ಲ ಅದೇ ಬಳ್ಳಿಯ ಕಾಯಿಗಳು. ಫ್ರೆಂಚಿನಲ್ಲಿ ಶೆಫ್ ಎಂದರೆ ಮುಖ್ಯಸ್ಥ, ಅಷ್ಟೇ. ರೈಲು ನಿಲ್ದಾಣದ ಮುಖ್ಯಸ್ಥ ‘ಶೆಫ್ ದ ಗಾರ್’, ವಾದ್ಯವೃಂದ ನಡೆಸುವವ ‘ಶೆಫ್ ದೋರ್ಕೆಸ್ತ್ರ್’. ಇವರಿಬ್ಬರೂ ಈರುಳ್ಳಿ ಹೆಚ್ಚುವುದಿಲ್ಲ. ಅಡುಗೆಮನೆಯ ಮುಖ್ಯಸ್ಥ ‘ಶೆಫ್ ದ ಕ್ವಿಜೀನ್’. ಇಂಗ್ಲಿಷಿನವರು ಇದರ ಬಾಲ ಕತ್ತರಿಸಿ ತಲೆಯನ್ನಷ್ಟೇ ಇಟ್ಟುಕೊಂಡರು.

ಇಂಗ್ಲಿಷ್ ಈ ಪದವನ್ನು ಎರಡು ಸಲ ಕಡ ತಂದಿದೆ. ಮಧ್ಯಯುಗದಲ್ಲಿ ತಂದದ್ದು ‘ಚೀಫ್’ ಆಯಿತು, 19ನೇ ಶತಮಾನದಲ್ಲಿ ತಂದದ್ದು ‘ಶೆಫ್’ ಆಗಿ ಉಳಿಯಿತು. ಹಳೆಯ ಫ್ರೆಂಚಿನ ಚಕಾರ ಆ ಹೊತ್ತಿಗೆ ಶಕಾರವಾಗಿತ್ತು. ಹಾಗಾಗಿ ಪದ ಯಾವ ಕಾಲದಲ್ಲಿ ಬಂತೆಂದು ಉಚ್ಚಾರದಲ್ಲೇ ಗೊತ್ತಾಗುತ್ತದೆ. ಚೀಫ್ ಮಿನಿಸ್ಟರಿನ ಚೀಫೂ ಹೋಟೆಲಿನ ಶೆಫ್ಫೂ ಒಂದೇ ಪದ. ‘ಹೆಡ್ ಶೆಫ್’ ಎನ್ನುವುದು ‘ಗೇಟುಬಾಗಿಲು’ ಜಾತಿಯದ್ದು, ಆದರೆ ಅದು ಇಂಗ್ಲಿಷಿನಲ್ಲೇ ಬೇರೂರಿಬಿಟ್ಟಿದೆ. ಅದರ ಜತೆ ಜಗಳವಾಡಿ ಪ್ರಯೋಜನವಿಲ್ಲ.

ಸ್ಪ್ಯಾನಿಶಿಗೆ ಬಂದರೆ ಇನ್ನೂ ಸ್ವಾರಸ್ಯ. ಧಣಿ, ಯಜಮಾನ ಎಂಬರ್ಥದ ‘ಹೆಫೆ’ ಕೂಡ ಇದೇ ಫ್ರೆಂಚ್ ಶೆಫ್‌ನಿಂದ ಹೋದದ್ದು. ಪೆಡ್ರೋನ ತಾಯ್ನುಡಿಯಲ್ಲಿ ಅಡುಗೆಯವನಿಗೆ ‘ಕೊಸಿನೇರೊ’ ಎನ್ನುತ್ತಾರೆ. ಅವನನ್ನು ಶೆಫ್ ಎಂದು ಕರೆಯುವುದೆಂದರೆ, ಮೂಲದ ಪ್ರಕಾರ ನೋಡಿದರೆ, ಅವನನ್ನು ದುಡಿಸಿಕೊಳ್ಳುವವನ ಹೆಸರಿನಿಂದ ಅವನನ್ನೇ ಕರೆದಂತೆ. ಸಿನಿಮಾದ ಹೆಸರನ್ನೇ ನೋಡಿ: ‘ಕೊಸಿನಾ’ ಎಂದರೆ ಅಡುಗೆಮನೆ. ಅದು, ಇಂಗ್ಲಿಷಿನ ಕಿಚನ್, ಫ್ರೆಂಚಿನ ಕ್ವಿಜೀನ್, ನಮ್ಮ ಬಾಯಲ್ಲೂ ಓಡಾಡುವ ಕುಕ್ ಇವೆಲ್ಲ ಬೇಯಿಸು ಎಂಬರ್ಥದ ಒಂದೇ ಲ್ಯಾಟಿನ್ ಧಾತುವಿನ ಮಕ್ಕಳು. ಶೆಫ್ ಮಾತ್ರ ಆ ಮನೆತನಕ್ಕೆ ಸೇರಿದ್ದಲ್ಲ. ಆ ಪದದಲ್ಲಿ ಒಲೆಯೂ ಇಲ್ಲ, ಬೆಂಕಿಯೂ ಇಲ್ಲ.

ಇದು ಬರೀ ನಿಘಂಟಿನ ತಕರಾರಲ್ಲ. ಅಲೊನ್ಸೊ ರುಯಿಜ್‌ಪಲಾಸಿಯೋಸ್ ನಿರ್ದೇಶಿಸಿದ ಈ ಸಿನಿಮಾ ನಿಂತಿರುವುದೇ ಮೇಲು ಕೆಳಗಿನ ಏಣಿಯ ಮೇಲೆ. ಟೈಮ್ಸ್ ಸ್ಕ್ವೇರಿನ ‘ದ ಗ್ರಿಲ್’ ಎಂಬ ಹೋಟೆಲಿನಲ್ಲಿ ಮೇಲೆ ಧಣಿ ರಶೀದ್, ಅವನ ಕೆಳಗೆ ಶೆಫ್, ಅದರ ಕೆಳಗೆ ತಂತಮ್ಮ ಒಲೆಗಳ ಮುಂದೆ ಸಾಲಾಗಿ ನಿಂತ ಕುಕ್‌ಗಳು. ಗಲ್ಲಾಪೆಟ್ಟಿಗೆಯಲ್ಲಿ ದುಡ್ಡು ಕಡಿಮೆ ಬಂದಾಗ ವಿಚಾರಣೆ ಏಣಿಯ ಯಾವ ಮೆಟ್ಟಿಲಲ್ಲಿ ಶುರುವಾಗುತ್ತದೆ, ‘ಅಮೆರಿಕದಲ್ಲಿ ಉಳಿಯಲು ಕಾಗದಪತ್ರ ಮಾಡಿಸಿಕೊಡುತ್ತೇನೆ’ ಎಂಬ ಆಸೆಯನ್ನು ಯಾರು ಯಾರಿಗೆ ತೋರಿಸುತ್ತಾರೆ, ಕತೆ ಇರುವುದು ಅಲ್ಲಿ. ಎಲ್ಲರನ್ನೂ ಶೆಫ್ ಮಾಡಿಬಿಟ್ಟರೆ ಏಣಿಯೇ ಮಾಯ.

ಸಿನಿಮಾದ ಮೂಲ ಆರ್ನಾಲ್ಡ್ ವೆಸ್ಕರ್ ಬರೆದ ‘ದ ಕಿಚನ್’ ನಾಟಕ. 1959ರಲ್ಲಿ ಲಂಡನ್ನಿನ ರಾಯಲ್ ಕೋರ್ಟ್ ರಂಗಮಂದಿರದಲ್ಲಿ ಮೊದಲು ರಂಗಕ್ಕೆ ಬಂತು. ವೆಸ್ಕರ್ ಸ್ವತಃ ಹೋಟೆಲಿನ ಅಡುಗೆಮನೆಯಲ್ಲಿ ಪೇಸ್ಟ್ರಿ ಮಾಡಿ ಬಂದವರು, ಪದಗಳಲ್ಲಿ ಎಡವುವ ಮನುಷ್ಯನಲ್ಲ. ಪಾತ್ರಗಳ ಪಟ್ಟಿಯಲ್ಲಿ ಪ್ರತಿಯೊಬ್ಬರ ಮುಂದೆ ಅವರ ಒಲೆಯ ಹೆಸರಿದೆ: ಜರ್ಮನಿಯಿಂದ ಬಂದ ಪೀಟರ್‌ಗೆ ಬೇಯಿಸಿದ ಮೀನು, ಹೊಸದಾಗಿ ಸೇರಿದ ಐರಿಶ್ ಹುಡುಗ ಕೆವಿನ್‌ಗೆ ಕರಿದ ಮೀನು, ಮೈಕೆಲ್‌ಗೆ ಮೊಟ್ಟೆ. ಶೆಫ್‌ಗೆ ಅಲ್ಲಿಯೂ ಹೆಸರಿಲ್ಲ, ಹುದ್ದೆಯೇ ಹೆಸರು.

ಈ ಒಲೆಹಂಚಿಕೆಯನ್ನು ಕಟ್ಟುನಿಟ್ಟಾಗಿ ಜಾರಿಗೆ ತಂದವರು ಫ್ರಾನ್ಸಿನ ಹೆಸರಾಂತ ಶೆಫ್ ಎಸ್ಕಾಫಿಯೆ. 1870ರ ಫ್ರಾನ್ಸ್-ಪ್ರಶ್ಯ ಯುದ್ಧದಲ್ಲಿ ಫ್ರೆಂಚ್ ಸೈನ್ಯಕ್ಕೆ ಅಡುಗೆ ಮಾಡಿದ್ದವರು, 1890ರಲ್ಲಿ ಲಂಡನ್ನಿನ ಸವಾಯ್ ಹೋಟೆಲಿಗೆ ಬಂದರು. ವ್ಯವಸ್ಥೆಯ ಹೆಸರೇ ‘ಬ್ರಿಗೇಡ್’, ಅಂದರೆ ಸೈನ್ಯದ ತುಕಡಿ. ಅದರಲ್ಲಿ ಒಂದೊಂದು ವಿಭಾಗದ ಮುಖ್ಯಸ್ಥನಿಗೆ ‘ಶೆಫ್ ದ ಪಾರ್ತಿ’ ಎಂಬ ಹೆಸರು ಇರುವುದು ನಿಜ. ಆದರೆ ಅವನೂ ಒಂದು ವಿಭಾಗಕ್ಕೆ ಯಜಮಾನ, ಅವನ ಕೈಕೆಳಗೂ ಜನರಿರುತ್ತಾರೆ.

‘ಅಮೆರಿಕದ ಅಡುಗೆಮನೆಗಳಲ್ಲಿ ಎಲ್ಲರೂ ಎಲ್ಲರನ್ನೂ ಶೆಫ್ ಎಂದೇ ಕರೆಯುತ್ತಾರಲ್ಲ’ ಎಂದು ಈಗ ಯಾರಾದರೂ ಕೇಳಿಯೇ ಕೇಳುತ್ತಾರೆ. ಕೆಲವು ಕಡೆ ಕರೆಯುತ್ತಾರೆ, ಹೌದು. ದರ್ಶಿನಿಯಲ್ಲಿ ನಾವೂ ‘ಬಾಸ್, ಒಂದು ಬೈಟು ಕಾಫಿ’ ಎನ್ನುತ್ತೇವೆ. ಹಾಗೆಂದು ಆ ಹುಡುಗನ ಬಗ್ಗೆ ಬರೆಯುವಾಗ ‘ಹೋಟೆಲಿನ ಬಾಸ್’ ಎಂದು ಬರೆಯುತ್ತೇವೆಯೇ?

ಇನ್ನು ‘ಬಾಣಸಿಗ’. ಪತ್ರಿಕೆಗಳು ಶೆಫ್‌ಗೆ ಇದನ್ನೇ ಹಾಕುತ್ತವೆ. ಸುಂದರವಾದ ಪದ, ತಕರಾರಿಲ್ಲ. ಅಡುಗೆಮನೆ ಎಂಬರ್ಥದ ಸಂಸ್ಕೃತದ ‘ಮಹಾನಸ’ ಕನ್ನಡದಲ್ಲಿ ತದ್ಭವವಾಗಿ ‘ಬಾಣಸ’ ಆಯಿತು, ಅಲ್ಲಿ ಕೆಲಸ ಮಾಡುವವನು ಬಾಣಸಿಗ. ಬಾಣಕ್ಕೂ ಇದಕ್ಕೂ ಸಂಬಂಧವಿಲ್ಲ. ವಿರಾಟನ ಅರಮನೆಯಲ್ಲಿ ಭೀಮ ವಲಲನೆಂಬ ಹೆಸರಿನಲ್ಲಿ ಬಾಣಸಿಗನಾಗಿ ಇದ್ದದ್ದು ಎಲ್ಲರಿಗೂ ಗೊತ್ತು. ಊರು, ಕುಲ, ನಿಜವಾದ ಹೆಸರು ಮೂರನ್ನೂ ಮುಚ್ಚಿಟ್ಟು ಪರರಾಜ್ಯದ ಒಲೆಯ ಮುಂದೆ ಒಂದು ವರ್ಷ ಕಳೆದವನು! ಅಂದಮೇಲೆ ಈ ಪದ ಶೆಫ್‌ಗಿಂತ ಪೆಡ್ರೋನಿಗೇ ಹೆಚ್ಚು ಒಪ್ಪುತ್ತದೆ. ಭಾರ ಎನಿಸಿದರೆ ‘ಅಡುಗೆಯವ’ ಎನ್ನಿ. ಅದರಲ್ಲಿ ಅವಮಾನವೇನಿದೆ? ಟೀವಿಯ ಅಡುಗೆ ಸ್ಪರ್ಧೆಗಳು ಬಂದ ಮೇಲೆ ಕುಕ್ ಎಂದರೆ ಕೀಳು, ಶೆಫ್ ಎಂದರೆ ಮರ್ಯಾದೆ ಎಂಬ ಭ್ರಮೆ ಹಬ್ಬಿದೆ. ಮರ್ಯಾದೆ ಕೊಡಬೇಕೆಂದಿದ್ದರೆ ‘ಅವರು’ ಎಂಬ ಬಹುವಚನ ನಮ್ಮಲ್ಲೇ ಇದೆ.

  

ಕಡೆಗೆ, ‘ಸೂ ಶೆಫ್’. ಇದನ್ನು ‘ಸೌಸ್ ಶೆಫ್’ ಎಂದು ಬರೆದು, ಸಾಸ್ ಮಾಡುವವನು ಎಂದು ಅರ್ಥ ಕೊಟ್ಟಿದ್ದನ್ನೂ ನೋಡಿದ್ದೇನೆ. ‘ಸೂ’ ಎಂದರೆ ಕೆಳಗೆ. ಸೂ ಶೆಫ್ ಎಂದರೆ ಮುಖ್ಯಸ್ಥನ ಕೆಳಗಿನವನು, ಉಪಮುಖ್ಯಸ್ಥ. ಸಾಸ್ ಮಾಡುವವನು ‘ಸೋಸ್ಯೇ’, ಅವನು ಬೇರೆ.